ಸಾಲಿನ ತಲೆಯಲ್ಲೇ ಪ್ರಾಸ ಯಾಕೆ?

ಬಾದಾಮಿಯ ಅಗಸ್ತ್ಯತೀರ್ಥದಿಂದ ಸ್ವಲ್ಪ ಆಚೆ, ತಟ್ಟುಕೋಟೆಯ ಕಡೆ, ಬಂಡೆಯ ಮೇಲೆ ಒಂದು ಶಾಸನವಿದೆ. ಕಪ್ಪೆ ಅರಭಟ್ಟ ಎಂಬ ವೀರನನ್ನು ಹೊಗಳುವ ಶಾಸನ. ಕಾಲ ಸುಮಾರು ಕ್ರಿ.ಶ. 700. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಎಂದು ಹೆಸರಾದ ಸಾಲುಗಳು ಇದರಲ್ಲೇ ಇವೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವನು, ಕಾಡಲು ಬಂದವರಿಗೆ ಮಹಾ ಕೆಟ್ಟವನು, ಇವನು ಮಾಧವನೇ ಸೈ ಎಂಬುದು ಒಟ್ಟು ಮಾತು. ಅರ್ಥ ಬಿಟ್ಟು ಸುಮ್ನೆ ಶಬ್ದ ಕೇಳಿ. ಸಾಧು, ಬಾಧಿ, ಮಾಧ. ಮೂರೂ ಸಾಲಿನ ಎರಡನೇ ಅಕ್ಷರದಲ್ಲಿ 'ಧ' ಕೂತಿದೆ. ಸ್ವರ ಬದಲಾದರೂ ವ್ಯಂಜನ ಬದಲಾಗಿಲ್ಲ. ಇದೇ ಆದಿಪ್ರಾಸ. ಪ್ರಾಸದ ಅಕ್ಷರಕ್ಕಿಂತ ಮೊದಲು ದೀರ್ಘಾಕ್ಷರ ಇದ್ದರೆ ಅದು ಗಜಪ್ರಾಸ, ಹ್ರಸ್ವ ಇದ್ದರೆ ಸಿಂಹಪ್ರಾಸ. ಇನ್ನು ವೃಷಭ, ಅಜ, ಶರಭ, ಹಯ ಅಂತ ನಾಲ್ಕಿವೆ. ನಮ್ಮ ಛಂದಸ್ಸಿನವರು ಒಂದು ಪ್ರಾಣಿಸಂಗ್ರಹಾಲಯವನ್ನೇ ಕಟ್ಟಿಟ್ಟಿದ್ದಾರೆ! ಬಾದಾಮಿಯದು ಆನೆ.

ಇಂಗ್ಲಿಷ್ ಪದ್ಯದಲ್ಲಿ ಪ್ರಾಸ ಸಾಮಾನ್ಯವಾಗಿ ಸಾಲಿನ ಬಾಲಕ್ಕೆ ಬರುತ್ತದೆ. ಹಳಗನ್ನಡದಲ್ಲಿ ಅದು ಸಾಲಿನ ತಲೆಗೇ ಯಾಕೆ ಬಂತು? ಇದಕ್ಕೆ ನನ್ನದೊಂದು ಊಹೆ ಇದೆ. ಅದನ್ನು ಹೇಳೋ ಮುಂಚೆ ಒಂದು ಸಣ್ಣ ಆಟ ಆಡೋಣ.

ಒಂದು ಹಕ್ಕಿಯ ಹೆಸರು ಹೇಳಿ. ಗುಬ್ಬಿ, ಗಿಳಿ, ನವಿಲು, ಪಾರಿವಾಳ, ಏನು ಬೇಕಾದರೂ ಬರಬಹುದು. ಸರಿ, ಈಗ 'ಗೆ' ಎರಡನೇ ಅಕ್ಷರವಾಗಿರುವ ಒಂದು ಪದ ಹೇಳಿ. ಬಗೆ, ಹೊಗೆ, ನಗೆ, ಹಗೆ, ಇದೂ ಉದ್ದದ ಪಟ್ಟಿ. ಈಗ ಎರಡನ್ನೂ ಸೇರಿಸಿ: ಹಕ್ಕಿಯೂ ಆಗಬೇಕು, ಎರಡನೇ ಅಕ್ಷರ 'ಗೆ'ಯೂ ಇರಬೇಕು. ಕಾಗೆ ಅಥವಾ ಗೂಗೆ, ಅಷ್ಟೇ ಅಲ್ವಾ? ಅರ್ಥದ ಸುಳಿವು ಒಂದೇ ಇದ್ದರೆ ಸಾಲದು, ಶಬ್ದದ ಸುಳಿವು ಒಂದೇ ಇದ್ದರೂ ಸಾಲದು. ಎರಡೂ ಕೂಡಿದಾಗ ಮಾತ್ರ ನೆನಪಿಗೆ ಬೇರೆ ದಾರಿ ಉಳಿಯುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ರೂಬಿನ್ ಇಂಥದ್ದೇ ಪ್ರಯೋಗಗಳನ್ನು ಮಾಡಿದರು. ಮಹಾಕಾವ್ಯ, ಲಾವಣಿ, ಮಕ್ಕಳ ಎಣಿಕೆಪದಗಳು ಬರಹವಿಲ್ಲದೆ ಹೇಗೆ ಉಳಿದವು ಎಂದು ಹುಡುಕಿ, 1995ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದರು. ಕಥೆ, ಲಯ, ಪ್ರಾಸ ಮೂರೂ ಸೇರಿ ಮುಂದಿನ ಪದವನ್ನು ಬಿಗಿಯಾಗಿ ಕಟ್ಟಿಹಾಕುತ್ತವೆ ಎಂಬುದು ಅವರ ವಾದ.

ಇನ್ನು ನನ್ನ ಊಹೆ. ಹಾಡುವವರು ಎಡವುವುದು ಎಲ್ಲಿ? ಸಾಲಿನ ನಡುವೆ ತೀರಾ ಕಡಿಮೆ. ಒಂದು ಸಾಲು ಮುಗಿದು ಇನ್ನೊಂದನ್ನು ಎತ್ತಿಕೊಳ್ಳುವಾಗಲೇ ಜಾಸ್ತಿ. ಮೊದಲ ಪದ ಸಿಕ್ಕಿತೋ, ಉಳಿದದ್ದು ತಾನೇ ಬರುತ್ತದೆ. ಆದಿಪ್ರಾಸ ಕೈ ಹಿಡಿಯುವುದು ಸರಿಯಾಗಿ ಆ ಜಾಗದಲ್ಲೇ.

ತ್ರಿಪದಿಯಲ್ಲಿ ಇನ್ನೂ ಒಂದು ಉಪಾಯವಿದೆ. ಸಾಲನ್ನು ಅಳೆಯುವ ಅಕ್ಷರಗಳ ಸಣ್ಣ ಗುಂಪಿಗೆ ಗಣ ಎನ್ನುತ್ತಾರೆ. ಮೂರು ಸಾಲಿಗೆ ಹನ್ನೊಂದು ಗಣ. ಮೊದಲ ಎರಡು ಸಾಲಿಗೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರು. ಆರನೆಯ ಮತ್ತು ಹತ್ತನೆಯ ಗಣ ಮಾತ್ರ ಗಿಡ್ಡ. ಉಳಿದವು ಅದಕ್ಕಿಂತ ಉದ್ದ. ಹಾಡುವಾಗ ಎರಡನೇ ಸಾಲನ್ನು ಮತ್ತೆ ತಿರುಗಿಸಿ ಹಾಡಿ, ಆಮೇಲೆ ಮೂರನೆಯದಕ್ಕೆ ಹೋಗುತ್ತಾರೆ. ಕೇಳುವವರಿಗೆ ಅದು ಸೊಗಸು. ಹಾಡುವವರಿಗೆ ಅದು ಮೂರನೇ ಸಾಲನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಲು ಸಿಗುವ ಬಿಡುವು. ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತು, ಜೋಳ ಬೀಸುತ್ತ ಪದ ಕಟ್ಟುತ್ತಿದ್ದರು. ಕೈ ತಿರುಗುವುದು ನಿಲ್ಲುವಂತಿಲ್ಲ, ಪದವೂ ನಿಲ್ಲುವಂತಿಲ್ಲ. ಅಂಥ ಹಾಡುಗಳನ್ನು 'ಹಲಸಂಗಿಯ ಗೆಳೆಯರು' ಎಂಬ ಬರಹಗಾರರ ಬಳಗದವರು ಬಾಯಿಂದ ಬಾಯಿಗೆ ಕೇಳಿ ಸಂಗ್ರಹಿಸಿ, 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು.

ಪ್ರಾಸಕ್ಕೆ ಒಂದು ಕಳ್ಳಬುದ್ಧಿಯೂ ಇದೆ. ಕೈ ಕೆಸರಾದರೆ ಬಾಯಿ ಮೊಸರು. ನಿಜವೇ ಅನ್ನಿಸುತ್ತದೆ. ಕೈ ಕೆಸರಾದರೆ ಬಾಯಿ ತುಪ್ಪ ಅಂದು ನೋಡಿ. ಅದೇ ಮಾತು, ಆದರೆ ಯಾಕೋ ಅನುಮಾನ. 2000ದಲ್ಲಿ ಮೆಕ್‌ಗ್ಲೋನ್ ಮತ್ತು ತೊಫಿಗ್‌ಬಕ್ಷ್ ಎಂಬ ಸಂಶೋಧಕರು ಇಂಗ್ಲಿಷ್ ಗಾದೆಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಪ್ರಾಸವಿದ್ದ ಗಾದೆಯನ್ನು ಜನ ಹೆಚ್ಚು ನಿಜವೆಂದು ಒಪ್ಪಿದರು. ಅದೇ ಅರ್ಥ ಇಟ್ಟು ಪ್ರಾಸ ತೆಗೆದಾಗ ಅಂಕ ಇಳಿಯಿತು. ಮಾತಿನ ಚೆಂದ ಬೇರೆ, ಅರ್ಥ ಬೇರೆ ಎಂದು ಮೊದಲೇ ಎಚ್ಚರಿಸಿದಾಗ ಆ ಮೋಡಿ ಕೆಲಸ ಮಾಡಲಿಲ್ಲ. ಚುನಾವಣೆಯ ಘೋಷಣೆ ಬರೆಯುವವರಿಗೆ ಈ ಗುಟ್ಟು ಪ್ರಯೋಗಕ್ಕಿಂತ ಮೊದಲೇ ಗೊತ್ತಿತ್ತು ಬಿಡಿ.

ಮತ್ತೆ ಬಂಡೆಯ ಕಡೆಗೆ. ಮೂರನೇ ಸಾಲಿನಲ್ಲಿ ಅರಭಟ್ಟ ಮಾಧವನಂತೆ ಎಂದಿದ್ದರೆ ಉಪಮೆ ಆಗುತ್ತಿತ್ತು. ಮಾಧವನೇ ಎಂದದ್ದರಿಂದ ರೂಪಕ. ಇಂಥ ಮಾತು ಕೇಳಿದಾಗ ಮನಸ್ಸು ಮೊದಲು 'ಇದು ಸುಳ್ಳು' ಎಂದು ತಳ್ಳಿ, ಆಮೇಲೆ ಒಳಗಿನ ಅರ್ಥ ಹುಡುಕುತ್ತದೆ ಎಂದು ತುಂಬಾ ಮಂದಿ ನಂಬಿದ್ದರು. 1982ರಲ್ಲಿ ಮನೋವಿಜ್ಞಾನಿ ಸ್ಯಾಮ್ ಗ್ಲಕ್ಸ್‌ಬರ್ಗ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ವಾಕ್ಯ ಅಕ್ಷರಶಃ ನಿಜವೋ ಸುಳ್ಳೋ, ಅಷ್ಟೇ ಹೇಳಿ ಎಂದರು. ಕೆಲವು ನೌಕರಿಗಳು ಜೈಲು ಎಂಬಂಥ ವಾಕ್ಯ ಬಂದಾಗ ಜನ ಸುಳ್ಳು ಎನ್ನಲು ತಡಮಾಡಿದರು. ಬೇಡವೆಂದರೂ ರೂಪಕದ ಅರ್ಥ ತಾನಾಗಿಯೇ ಹೊಳೆದು ಅಡ್ಡ ಬರುತ್ತಿತ್ತು.

ಇಷ್ಟು ಹೇಳಿದ ಮೇಲೆ ವಚನದ ವಿಷಯ ಬಿಡುವಂತಿಲ್ಲ. ನನ್ನ ಊಹೆಗೆ ಅದೇ ಕಷ್ಟದ ಪ್ರಶ್ನೆ. ಬಾಗೇವಾಡಿಯ ಬಸವಣ್ಣನವರ ಮಾತಿಗೆ ಗಣದ ಲೆಕ್ಕವಿಲ್ಲ, ಆದಿಪ್ರಾಸದ ಕಟ್ಟುಪಾಡೂ ಇಲ್ಲ. ಆದರೂ ಜನರ ಬಾಯಲ್ಲಿ ನಿಂತಿದೆ. ಅಲ್ಲಿ ಪ್ರಾಸದ ಕೆಲಸವನ್ನು ವಾಕ್ಯದ ಅಚ್ಚೇ ಮಾಡುತ್ತದೆ ಎಂದು ನನಗೆ ಅನ್ನಿಸುತ್ತದೆ. ಒಂದೇ ಅಚ್ಚಿನ ವಾಕ್ಯ ಎರಡು ಮೂರು ಸಲ ಬರುತ್ತದೆ, ಒಂದೆರಡು ಪದ ಮಾತ್ರ ಬದಲಾಗುತ್ತವೆ. ಕೊನೆಗೆ ಕೂಡಲಸಂಗಮದೇವಾ ಎಂಬ ಅಂಕಿತ. ಕೃಷ್ಣಾ ಮಲಪ್ರಭಾ ಕೂಡುವ, ಈಗಿನ ಬಾಗಲಕೋಟೆ ಜಿಲ್ಲೆಯ ಆ ಊರಿನ ದೇವರ ಹೆಸರು. ಮಾತು ಇಲ್ಲಿಗೆ ಮುಗಿಯಿತು, ಹೇಳಿದವರು ಇಂಥವರು ಎಂದು ಒಂದೇ ಪದದಲ್ಲಿ ತಿಳಿಯುತ್ತದೆ. ವಿಜಯಪುರದ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಯಾವ ವಚನ ಯಾರದು ಎಂದು ಗುರುತಿಸಲು ಇವತ್ತಿಗೂ ಮೊದಲು ನೋಡುವುದು ಅಂಕಿತವನ್ನೇ. ಅದನ್ನು ಯಾರು ಬೇಕಾದರೂ ಕೊನೆಗೆ ಅಂಟಿಸಬಹುದು ಎಂಬ ತೊಂದರೆಯೂ ಇದೆ. ಹಾಗಾಗಿ ವಿದ್ವಾಂಸರು ಅಂಕಿತ ಕಂಡ ಮೇಲೂ ಭಾಷೆ ನೋಡುತ್ತಾರೆ, ಹಳೆಯ ಪ್ರತಿ ಕೇಳುತ್ತಾರೆ.