ಮೈದಾನದ ಪಕ್ಕ ಆಂಬುಲೆನ್ಸ್ ನಿಲ್ಲಿಸಿದರೆ ಸಾಕಾ?

ಓದುಗರ ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಏರಿಯಾ ಹುಡುಗರು ಸೇರಿ ಹೊನಲು ಬೆಳಕಿನ ಫುಟ್‌ಬಾಲ್ ಟೂರ್ನಮೆಂಟ್ ಇಟ್ಟುಕೊಂಡಿದ್ದೇವೆ. ಆಡ್ತಾ ಆಡ್ತಾ ಯಾರದ್ದಾದರೂ ಹಾರ್ಟ್ ನಿಂತುಬಿಟ್ಟರೆ ಏನು ಗತಿ ಅಂತ ಮನೆಯವರು ಕೇಳ್ತಿದ್ದಾರೆ. ಮೈದಾನದ ಪಕ್ಕ ಒಂದು ಆಂಬುಲೆನ್ಸ್ ನಿಲ್ಲಿಸಿದರೆ ಸಾಕಲ್ವಾ?

ಸಾಕಾಗಲ್ಲ. ಆಂಬುಲೆನ್ಸ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಡುಗ ಬಿದ್ದ ಮೇಲಿನ ಮೊದಲ ಮೂರು ನಿಮಿಷ ಯಾರು ಏನು ಮಾಡ್ತಾರೆ ಅನ್ನೋದು ಮೊದಲೇ ಗೊತ್ತಿರದಿದ್ದರೆ, ಆ ಗಾಡಿ ಇದ್ದೂ ಇಲ್ಲದ ಹಾಗೆ.

ಸುಮಾರು ಟೂರ್ನಮೆಂಟ್‌ಗಳಲ್ಲಿ ಆಂಬುಲೆನ್ಸ್ ಎಲ್ಲಿರುತ್ತೆ ನೋಡಿ. ಸ್ಟೇಜ್ ಹಿಂದೆ. ಅದರ ಮುಂದೆ ಅತಿಥಿಗಳ ಕಾರು, ಕಾರಿನ ಮುಂದೆ ನೋಡಲು ಬಂದವರ ಬೈಕುಗಳ ಸಾಲು, ಶಾಮಿಯಾನದ ಹಗ್ಗ ಬೇರೆ ಅಡ್ಡ. ಇನ್ನೊಂದು ಗೇಟಿಗೆ ಬೀಗ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಗಾಡಿಯೊಳಗೆ ಒಂದು ಸ್ಟ್ರೆಚರ್, ಒಂದು ಆಕ್ಸಿಜನ್ ಸಿಲಿಂಡರ್. ಡ್ರೈವರ್ ಒಬ್ಬನೇ, ಅವನೂ ಪಾಪ ಲೈನ್ ಹತ್ತಿರ ನಿಂತು ಮ್ಯಾಚ್ ನೋಡ್ತಿರ್ತಾನೆ. ಹಾರ್ಟ್ ನಿಂತವನಿಗೆ ಬೇಕಾದ ಮುಖ್ಯ ಯಂತ್ರವೇ, ಅಂದರೆ ಎದೆಗೆ ಕರೆಂಟ್ ಶಾಕ್ ಕೊಡುವ ಯಂತ್ರವೇ, ಅದರಲ್ಲಿ ಇರೋದಿಲ್ಲ.

ಆ ಯಂತ್ರದ ಮಾತಿಗೆ ಬರೋ ಮೊದಲು ಒಂದು ವಿಷಯ. ಹಾರ್ಟ್ ಅಟ್ಯಾಕ್ ಮತ್ತು ಕಾರ್ಡಿಯಾಕ್ ಅರೆಸ್ಟ್ ಒಂದೇ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಬೋರ್‌ವೆಲ್ ಇಟ್ಟುಕೊಂಡವರಿಗೆ ಇದು ಬೇಗ ಅರ್ಥ ಆಗುತ್ತೆ. ಅಟ್ಯಾಕ್ ಅಂದರೆ ಪೈಪು ಕಟ್ಟಿಕೊಂಡಿದೆ, ಮೋಟರ್ ಇನ್ನೂ ಓಡ್ತಿದೆ. ಅರೆಸ್ಟ್ ಅಂದರೆ ಮೋಟರಿನ ಕರೆಂಟೇ ಕೆಟ್ಟಿದೆ. ಅಟ್ಯಾಕ್ ಆದವನು ಎದೆ ಹಿಡಿದುಕೊಂಡು ಮಾತಾಡ್ತಾನೆ, ಬೆವರ್ತಾನೆ, ಆಸ್ಪತ್ರೆಗೆ ಕರೆದೊಯ್ಯಲು ಸ್ವಲ್ಪ ಸಮಯ ಸಿಗುತ್ತೆ. ನಮ್ಮ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ತಂದಿರುವ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡ್ತಾರಲ್ಲ, ಅದು ಈ ಅಟ್ಯಾಕ್‌ಗೆ. ಅರೆಸ್ಟ್ ಆದವನಿಗೆ ತಾಲ್ಲೂಕು ಆಸ್ಪತ್ರೆವರೆಗೆ ಹೋಗುವಷ್ಟು ಹೊತ್ತೇ ಇಲ್ಲ. ಅವನು ನಿಂತಲ್ಲೇ ಕುಸಿದು ಬೀಳ್ತಾನೆ. ಹೃದಯ ರಕ್ತ ತಳ್ಳೋದು ಬಿಟ್ಟು ಸುಮ್ನೆ ನಡುಗ್ತಾ ಇರುತ್ತೆ. ಕೈಯಿಂದ ಎದೆ ಒತ್ತಿ ರಕ್ತ ಓಡಿಸದೆ ಬಿಟ್ಟರೆ ಒಂದೊಂದು ನಿಮಿಷಕ್ಕೂ ಉಳಿಯುವ ಅವಕಾಶ ಶೇ. 7ರಿಂದ 10ರಷ್ಟು ಇಳಿಯುತ್ತೆ.

ಈಗ ಲೆಕ್ಕ ಹಾಕಿ. ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೇನೂ ಬರ ಇಲ್ಲ. ಜೆಜೆಎಂ ಮೆಡಿಕಲ್ ಕಾಲೇಜು 1965ರಿಂದ ಇದೆ. ಬಾಪೂಜಿ ಇದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಅದಕ್ಕೇ ನಮ್ಮವರಿಗೆ ಒಂದು ಧೈರ್ಯ: ಏನಾದರೂ ಆದರೆ ಎತ್ತಿಕೊಂಡು ಓಡೋದು. ನಾಲ್ಕು ಜನ ಕೈಕಾಲು ಹಿಡಿದು ಎತ್ತಿ, ಆಟೋ ಸೀಟಿನ ಮೇಲೆ ಮಡಚಿ ಕೂರಿಸಿ, ಸಂಜೆ ಹೊತ್ತಿನ ಪಿಬಿ ರಸ್ತೆ ದಾಟಿ, ಕ್ಯಾಜುವಾಲ್ಟಿ ಬಾಗಿಲು ಮುಟ್ಟುವಷ್ಟರಲ್ಲಿ ಎಷ್ಟು ಬೇಗ ಅಂದರೂ ಹತ್ತು ನಿಮಿಷ. ಅಷ್ಟೂ ಹೊತ್ತು ಯಾರೂ ಎದೆ ಒತ್ತಿರೋದಿಲ್ಲ. ಚಿತ್ರದುರ್ಗದವರೂ ತಮ್ಮ ಮೈದಾನಕ್ಕೆ ಇದೇ ಲೆಕ್ಕ ಹಾಕಿಕೊಳ್ಳಬಹುದು.

ನಮ್ಮ ರಾಜ್ಯದಲ್ಲೇ ಇಂಥದ್ದು ನಡೆದಿದೆ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಗಾನ್ ವಿರುದ್ಧ ತನ್ನ ಎರಡನೇ ಗೋಲು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದ. ಮತ್ತೆ ಏಳಲಿಲ್ಲ. 2012ರ ಮಾರ್ಚ್‌ನಲ್ಲಿ ಬೆಂಗಳೂರಿನ ಲೀಗ್ ಪಂದ್ಯವೊಂದರಲ್ಲಿ ಸಬ್‌ಸ್ಟಿಟ್ಯೂಟ್ ಆಗಿ ಇಳಿದಿದ್ದ ಹುಡುಗನೊಬ್ಬ ಕುಸಿದುಬಿದ್ದ. ಅಲ್ಲಿ ಆಂಬುಲೆನ್ಸ್ ಇರಲಿಲ್ಲ. ಆಟೋದಲ್ಲೇ ಆಸ್ಪತ್ರೆಗೆ ಕರೆದೊಯ್ದರು, ಬದುಕಲಿಲ್ಲ.

ಅದೇ ತಿಂಗಳು, 17ನೇ ತಾರೀಖು, ಲಂಡನ್ನಿನಲ್ಲಿ ಬೋಲ್ಟನ್ ತಂಡದ ಫ್ಯಾಬ್ರಿಸ್ ಮುಆಂಬಾ ಬಿದ್ದಿದ್ದ. ನೋಡಲು ಬಂದಿದ್ದ ಪ್ರೇಕ್ಷಕರಲ್ಲಿ ಒಬ್ಬ ಹೃದಯದ ಡಾಕ್ಟರ್ ಇದ್ದರು, ಹೆಸರು ಆಂಡ್ರೂ ಡೀನರ್. ಗ್ಯಾಲರಿಯಿಂದ ಇಳಿದು ಓಡಿ ಬಂದರು. ಮುಆಂಬಾನ ಹೃದಯ ತಾನಾಗಿ ಬಡಿಯದೆ 78 ನಿಮಿಷ ಕಳೆಯಿತು, 15 ಸಲ ಶಾಕ್ ಕೊಟ್ಟರು. ಆದರೂ ಬದುಕಿದ, ಯಾಕಂದರೆ ಎದೆ ಒತ್ತುವ ಕೈ ನಿಲ್ಲಲಿಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಬಿದ್ದಾಗ ರೆಫ್ರಿ ತಕ್ಷಣ ಆಟ ನಿಲ್ಲಿಸಿದ, ಕ್ಯಾಪ್ಟನ್ ಸೈಮನ್ ಕೇರ್ ಮೊದಲು ಓಡಿದ, ಡಾಕ್ಟರುಗಳು ಅಲ್ಲೇ ಹುಲ್ಲಿನ ಮೇಲೆ ಎದೆ ಒತ್ತಿದರು, ಒಂದೇ ಶಾಕಿಗೆ ಹೃದಯ ದಾರಿಗೆ ಬಂತು. ಸ್ಟ್ರೆಚರ್ ಮೇಲೆ ಹೋಗುವಾಗ ಎರಿಕ್ಸನ್‌ಗೆ ಪ್ರಜ್ಞೆ ಇತ್ತು. ಮೊದಲು ಚಿಕಿತ್ಸೆ, ಆಮೇಲೆ ಸಾಗಾಟ. ನಾವು ಮಾಡೋದು ಇದಕ್ಕೆ ಪೂರಾ ಉಲ್ಟಾ.

ಹುಡುಗ ಬಿದ್ದ ಅಂತಿಟ್ಟುಕೊಳ್ಳಿ. ಯಾರೂ ತಾಗಿಲ್ಲ, ಚೆಂಡು ಇನ್ನೆಲ್ಲೋ ಇದೆ, ಇವನು ಸುಮ್ನೆ ನೆಲಕ್ಕೆ ಬಿದ್ದ. ಹೀಗೆ ಬಿದ್ದರೆ ಬೇರೆ ಏನೋ ಅಂತ ಗೊತ್ತಾಗುವವರೆಗೆ ಅದು ಕಾರ್ಡಿಯಾಕ್ ಅರೆಸ್ಟೇ ಅಂದುಕೊಂಡು ಓಡಬೇಕು. ಫಿಫಾದ ಡಾಕ್ಟರುಗಳು ಹೇಳೋದೂ ಇದನ್ನೇ. ರೆಫ್ರಿ ಸೀಟಿ ಊದಲಿ ಅಂತ ಕಾಯ್ತಾ ಲೈನ್ ಹತ್ತಿರ ನಿಲ್ಲಬೇಡಿ.

ಇಲ್ಲಿ ಒಂದು ಮೋಸ ಇದೆ. ಹಾರ್ಟ್ ನಿಂತವನಿಗೆ ಮೊದಲ ಕೆಲವು ಸೆಕೆಂಡು ಕೈಕಾಲು ಜಗ್ಗಬಹುದು, ಕಣ್ಣು ತೆರೆದೇ ಇರಬಹುದು. ತಕ್ಷಣ ಯಾರೋ ಕೂಗ್ತಾರೆ: ‘ಪಿಟ್ಸ್ ಬಂದಿದೆ, ಕಬ್ಬಿಣ ಕೊಡ್ರೋ!’ ಒಬ್ಬ ಬೈಕಿನ ಕೀ ತಂದು ಅಂಗೈಗೆ ತುರುಕ್ತಾನೆ, ಇನ್ನೊಬ್ಬ ಮುಖಕ್ಕೆ ನೀರು ಎರಚ್ತಾನೆ, ಮತ್ತೊಬ್ಬ ಈರುಳ್ಳಿ ಹುಡುಕ್ತಾನೆ. ಕೀ ಕೊಟ್ಟರೆ ಪಿಟ್ಸೂ ನಿಲ್ಲಲ್ಲ, ಹಾರ್ಟೂ ಬಡಿಯಲ್ಲ. ಇನ್ನೊಂದು, ಉಸಿರು. ಗಂಟಲಲ್ಲಿ ಗೊರಕೆ ತರ ಶಬ್ದ, ಆಗಾಗ ಒಂದೊಂದು ಎಳೆದ ಉಸಿರು. ಅದನ್ನು ನೋಡಿ ‘ಉಸಿರಾಡ್ತಿದ್ದಾನೆ, ಬಿಡಿ’ ಅನ್ನಬೇಡಿ. ಅದು ಉಸಿರಾಟ ಅಲ್ಲ. ಭುಜ ತಟ್ಟಿ ಜೋರಾಗಿ ಕರೆಯಿರಿ, ಹತ್ತು ಸೆಕೆಂಡಿನೊಳಗೆ ಎದೆ ಸರಿಯಾಗಿ ಏರಿಳಿಯುತ್ತಾ ನೋಡಿ. ಇಲ್ಲ ಅಂದರೆ ಶುರು ಮಾಡಿ.

ಒಬ್ಬ 108ಕ್ಕೆ ಫೋನು, ಇನ್ನೊಬ್ಬ ಯಂತ್ರ ತರಲು ಓಟ, ಮೂರನೆಯವನು ಅಂಗಾತ ಮಲಗಿಸಿ ಎದೆ ನಡುವೆ ಅಂಗೈ ಊರಬೇಕು. ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬಾರದು, ಭುಜದ ಭಾರ ನೇರ ಕೆಳಗೆ ಇಳಿಯಬೇಕು. ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಕಲಿಯಲು ಬಂದ ಗಟ್ಟಿ ಹುಡುಗರೂ ಬೊಂಬೆಯ ಮೇಲೆ ಎರಡನೇ ನಿಮಿಷಕ್ಕೆ ಏದುಸಿರು ಬಿಡ್ತಾರೆ, ಕೈ ಮೇಲೆ ಮೇಲೆ ಹೋಗಲು ಶುರುವಾಗುತ್ತೆ. ಅದಕ್ಕೇ ಎರಡೆರಡು ನಿಮಿಷಕ್ಕೆ ಆಳು ಬದಲಾಗಬೇಕು. ಪಕ್ಕದಲ್ಲಿದ್ದವನು ಜೋರಾಗಿ ಎಣಿಸಲಿ, ವೇಗ ತಪ್ಪಲ್ಲ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲು ಬಾರದಿದ್ದರೆ ಬಿಡಿ, ಹೀಗೆ ಏಕಾಏಕಿ ಬಿದ್ದ ದೊಡ್ಡವರಿಗೆ ಬರೀ ಎದೆ ಒತ್ತಿದರೂ ಕೆಲಸ ಆಗುತ್ತೆ. ಪಕ್ಕೆಲುಬು ಮುರಿಯುತ್ತೆ ಅಂತ ಹೆದರ್ತಾರೆ. ಮುರಿಯಬಹುದು, ಆಮೇಲೆ ಕೂಡುತ್ತೆ.

ಯಂತ್ರದ ಹೆಸರು ಎಇಡಿ. ಊಟದ ಕ್ಯಾರಿಯರ್‌ಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಮುಚ್ಚಳ ತೆಗೆದರೆ ಅಥವಾ ಬಟನ್ ಒತ್ತಿದರೆ ತಾನೇ ಮಾತಾಡುತ್ತೆ, ಏನು ಮಾಡಬೇಕು ಅಂತ ಒಂದೊಂದಾಗಿ ಹೇಳುತ್ತೆ. ಜೆರ್ಸಿ ಕತ್ತರಿಸಿ. ನಮ್ಮ ಕಡೆ ಸೆಕೆಗೆ ಹುಡುಗರ ಎದೆ ಬೆವರಿನಲ್ಲಿ ತೊಯ್ದಿರುತ್ತೆ, ಒರೆಸದಿದ್ದರೆ ಪ್ಯಾಡ್ ಅಂಟಲ್ಲ. ಒಂದು ಪ್ಯಾಡ್ ಎದೆಯ ಬಲಗಡೆ ಕಾಲರ್ ಬೋನ್ ಕೆಳಗೆ, ಇನ್ನೊಂದು ಎಡಗಡೆ ಕಂಕುಳ ಕೆಳಗೆ, ಪಕ್ಕೆಗೆ. ಹೃದಯ ಅಡ್ಡಾದಿಡ್ಡಿ ನಡುಗ್ತಿದ್ದರೆ ಮಾತ್ರ ಅದು ಶಾಕ್ ಕೊಡಲು ಬಿಡುತ್ತೆ, ಚೆನ್ನಾಗಿರುವವನಿಗೆ ಕೊಡಲ್ಲ. ಆ ಕ್ಷಣ ಯಾರೂ ಅವನನ್ನು ಮುಟ್ಟಿರಬಾರದು, ಅಷ್ಟೇ. ಶಾಕ್ ಆದ ಕೂಡಲೇ ಮತ್ತೆ ಒತ್ತಲು ಶುರು.

ಬೆಲೆ? ಒಂದು ಲಕ್ಷದ ಆಸುಪಾಸು. ಜಾಸ್ತಿ ಆಯ್ತು ಅನ್ನಿಸುತ್ತೆ. ಆದರೆ ಆಳೆತ್ತರದ ಟ್ರೋಫಿ, ಫ್ಲೆಕ್ಸು, ಡಿಜೆ ಇವಕ್ಕೆಲ್ಲ ದುಡ್ಡು ಹೊಂದಿಸುವ ನಮಗೆ ಇದು ಮಾತ್ರ ದುಬಾರಿ ಕಾಣೋದು ನನಗಂತೂ ಹಿಡಿಸಲ್ಲ. ಕೊಳ್ಳಲು ಆಗದಿದ್ದರೆ ಟೂರ್ನಮೆಂಟಿನ ದಿನಗಳ ಮಟ್ಟಿಗೆ ಆಸ್ಪತ್ರೆಯನ್ನೋ ಮೆಡಿಕಲ್ ಕಾಲೇಜನ್ನೋ ಕೇಳಿ ನೋಡಿ. ಆಂಬುಲೆನ್ಸ್ ಬುಕ್ ಮಾಡುವಾಗಲೂ ಬಾಡಿಗೆ ಎಷ್ಟು ಅಂತ ಕೇಳೋ ಮೊದಲು ಎರಡು ಪ್ರಶ್ನೆ ಕೇಳಿ: ಒಳಗೆ ಡಿಫಿಬ್ರಿಲೇಟರ್, ಅಂದರೆ ಶಾಕ್ ಕೊಡುವ ಯಂತ್ರ ಇದೆಯಾ, ಅದನ್ನು ಬಳಸಲು ಬರುವವರು ಗಾಡಿ ಜೊತೆ ಬರ್ತಾರಾ? ಇದ್ದರೆ ಗಾಡಿಯನ್ನು ಸ್ಟೇಜ್ ಹಿಂದೆ ಬಿಡಬೇಡಿ, ಮೈದಾನಕ್ಕೆ ನೇರ ದಾರಿ ಇರುವ ಕಡೆ ಮುಖ ಹೊರಗೆ ಮಾಡಿ ನಿಲ್ಲಿಸಿ. ಯಂತ್ರವನ್ನು ಗಾಡಿಯಿಂದ ಇಳಿಸಿ ಸ್ಕೋರರ್ ಟೇಬಲ್ ಮೇಲಿಡಿ. ಗೇಟಿನ ಕೀ ಒಬ್ಬನ ಕೊರಳಲ್ಲಿರಲಿ. ಮೊದಲ ಮ್ಯಾಚಿಗೆ ಮುಂಚೆ ಅರ್ಧ ಗಂಟೆ, ಒಬ್ಬ ಹುಡುಗನನ್ನು ದೂರದ ಕಾರ್ನರ್‌ನಲ್ಲಿ ಸುಮ್ನೆ ಮಲಗಿಸಿ ಯಂತ್ರ ಅವನ ಹತ್ತಿರ ಎಷ್ಟು ಹೊತ್ತಿಗೆ ಬರುತ್ತೆ ನೋಡಿ. ಮೂರು ನಿಮಿಷ ದಾಟಿದರೆ ಟೇಬಲ್ ಜಾಗ ಬದಲಾಯಿಸಿ.

ಆಟಗಾರರನ್ನಷ್ಟೇ ನೋಡಬೇಡಿ. 2021ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗ್ಯಾಲರಿಯಲ್ಲಿದ್ದ ಪ್ರೇಕ್ಷಕನೇ ಕುಸಿದಿದ್ದ. ಆಟಗಾರರು ಗಮನಿಸಿ ಆಟ ನಿಲ್ಲಿಸಿ ಯಂತ್ರ ತರಿಸಿದರು, ಅವನು ಉಳಿದ. ನಿಮ್ಮ ಟೂರ್ನಮೆಂಟಿನಲ್ಲಿ ವೆಟರನ್ಸ್ ಮ್ಯಾಚ್ ಇಟ್ಟಿದ್ದರಂತೂ ಇನ್ನಷ್ಟು ಎಚ್ಚರ ಬೇಕು. ವರ್ಷಪೂರ್ತಿ ಅಂಗಡಿಯಲ್ಲಿ ಕೂತು ಒಂದೇ ದಿನ ಓಡುವ ನಲವತ್ತೈದರ ಅಣ್ಣಂದಿರಲ್ಲಿ ರಕ್ತನಾಳ ಕಟ್ಟಿಕೊಂಡೇ ಹಾರ್ಟ್ ನಿಲ್ಲೋದು ಜಾಸ್ತಿ. ಎಳೆ ಹುಡುಗರಲ್ಲಿ ಕಾರಣ ಬೇರೆ: ಹುಟ್ಟಿನಿಂದಲೇ ಬಂದ ಹೃದಯದ ದಪ್ಪ ಗೋಡೆ, ಕರೆಂಟಿನ ದೋಷ, ಜ್ವರದ ಬೆನ್ನಲ್ಲೇ ಬರುವ ಹೃದಯದ ಉರಿಯೂತ. 2003ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಆಡ್ತಾ ಸತ್ತ ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋಗೆ ಇದ್ದದ್ದು ಈ ದಪ್ಪ ಗೋಡೆ ಕಾಯಿಲೆ.

ಹಾಗಾದರೆ ಎಲ್ಲರಿಗೂ ಮೊದಲೇ ಇಸಿಜಿ ಮಾಡಿಸಿದರೆ? ಮಾಡಿಸಿ, ಒಳ್ಳೆಯದೇ. ಇಟಲಿಯಲ್ಲಿ 1982ರಿಂದ ಆಟಗಾರರಿಗೆ ಅದು ಕಡ್ಡಾಯ. ಆದರೆ ಎಲ್ಲವೂ ಅದರಲ್ಲಿ ಸಿಗಲ್ಲ. ಎರಿಕ್ಸನ್ ಬಿದ್ದಾಗ ಇಟಲಿಯ ಕ್ಲಬ್ಬಿನ ಆಟಗಾರನೇ ಆಗಿದ್ದ, ಎಲ್ಲ ಪರೀಕ್ಷೆ ದಾಟಿದ್ದ. ಎಲ್ಲರಿಗೂ ಮಾಡಿಸಲು ಆಗದಿದ್ದರೆ ತಂಡದ ಹೆಸರು ಬರೆಸುವ ಫಾರಂನಲ್ಲೇ ಮೂರು ಪ್ರಶ್ನೆ ಹಾಕಿ. ಓಡುವಾಗ ಯಾವಾಗಾದರೂ ಪ್ರಜ್ಞೆ ತಪ್ಪಿದ್ಯಾ? ಆಡುವಾಗ ಎದೆ ನೋವು ಬರುತ್ತಾ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಲ್ಲೇ ಏಕಾಏಕಿ ತೀರಿಕೊಂಡಿದ್ದಾರಾ? ಒಂದಕ್ಕಾದರೂ ಹೌದು ಅಂದವನು ಎಂಥ ಸ್ಟ್ರೈಕರ್ ಆದರೂ ಸರಿ, ಹಾರ್ಟ್ ಡಾಕ್ಟರ್ ನೋಡಿ ಚೀಟಿ ಬರೆದುಕೊಡುವವರೆಗೆ ಮೈದಾನಕ್ಕೆ ಇಳಿಸಬೇಡಿ.