ಯೋಗ ಮಾಡಿದರೆ ಗರ್ಭ ನಿಲ್ಲುತ್ತದೆಯೇ?

ಓದುಗರ ಪ್ರಶ್ನೆ: ನನಗೆ 32 ವರ್ಷ. ಮಗುವಿಗಾಗಿ ಪ್ರಯತ್ನಿಸಲು ಶುರುಮಾಡಿ ಹದಿನಾಲ್ಕು ತಿಂಗಳಾಯಿತು. ಮುಟ್ಟು ತಿಂಗಳು ತಿಂಗಳು ಸರಿಯಾಗಿಯೇ ಆಗುತ್ತದೆ. ‘ಡಾಕ್ಟರ ಹತ್ತಿರ ಆಮೇಲೆ ಹೋಗುವೆಯಂತೆ, ಮೊದಲು ಆರು ತಿಂಗಳು ಯೋಗ ಮಾಡಿ ನೋಡು’ ಎಂದು ಹತ್ತಿರದವರೊಬ್ಬರು ಹೇಳಿದ್ದಾರೆ. ಗರ್ಭ ನಿಲ್ಲಿಸುವಂಥ ಆಸನಗಳು ನಿಜಕ್ಕೂ ಇವೆಯೇ? ಅಂಡಾಣು ಬಿಡುಗಡೆಯಾದ ಮೇಲಿನ ಎರಡು ವಾರ ಯೋಗ ನಿಲ್ಲಿಸಬೇಕೇ?

ಉತ್ತರ: ಯೋಗ ಖಂಡಿತ ಮಾಡಿ, ಆದರೆ ಡಾಕ್ಟರ ಭೇಟಿಯನ್ನು ‘ಆಮೇಲೆ’ಗೆ ತಳ್ಳಬೇಡಿ. ಎರಡೂ ಜೊತೆಜೊತೆಗೇ ಸಾಗಲಿ. ವಯಸ್ಸು 35ರ ಒಳಗಿದ್ದು, ಗರ್ಭನಿರೋಧಕ ಬಳಸದೆ ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ತಪಾಸಣೆ ಮಾಡಿಸಬೇಕು ಎಂಬುದು ವೈದ್ಯರು ಸಾಮಾನ್ಯವಾಗಿ ಇಟ್ಟುಕೊಂಡಿರುವ ಗಡುವು. 35 ದಾಟಿದವರಿಗೆ ಅದು ಆರು ತಿಂಗಳು. 40 ದಾಟಿದವರು ಕಾಯಲೇಬಾರದು. ಮುಟ್ಟು ಏರುಪೇರಾಗುವವರು, ಹಿಂದೆ ಕಿಬ್ಬೊಟ್ಟೆಯ ಸೋಂಕು ಆದವರು, ಮುಟ್ಟಿನಲ್ಲಿ ತಡೆಯಲಾರದ ನೋವು ಇರುವವರು ಯಾವ ವಯಸ್ಸಿನವರಾದರೂ ಈ ಗಡುವಿಗೆ ಕಾಯಬೇಕಿಲ್ಲ. ನಿಮ್ಮ ಗಡುವು ಎರಡು ತಿಂಗಳ ಹಿಂದೆಯೇ ಮುಗಿದಿದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಗರ್ಭನಾಳ ಮುಚ್ಚಿಕೊಂಡಿದ್ದರೆ ಅದನ್ನು ತೆರೆಯುವ ಆಸನ ಯಾವುದೂ ಇಲ್ಲ. ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಿದ್ದರೆ ನೀವು ವರ್ಷಗಟ್ಟಲೆ ಬದ್ಧಕೋಣಾಸನದಲ್ಲಿ ಕೂತರೂ ಏನೂ ಬದಲಾಗದು. ಥೈರಾಯ್ಡ್ ತೊಂದರೆಯಿದ್ದರೆ ಒಂದು ರಕ್ತಪರೀಕ್ಷೆಯಲ್ಲೇ ಗೊತ್ತಾಗುತ್ತದೆ, ಬಹುಪಾಲು ಮಾತ್ರೆಯಲ್ಲಿ ಹತೋಟಿಗೂ ಬರುತ್ತದೆ. ಇದನ್ನೆಲ್ಲ ತಿಳಿಯದೆ ಆರು ತಿಂಗಳು ಕಳೆಯುವುದರಲ್ಲಿ ಲಾಭವಿಲ್ಲ. ನಿಮಗೆ ಸಲಹೆ ಕೊಟ್ಟವರ ಕಾಳಜಿಯನ್ನು ಅನುಮಾನಿಸುತ್ತಿಲ್ಲ, ಅವರು ಹಾಕಿದ ಲೆಕ್ಕ ಸರಿಯಿಲ್ಲ ಅಷ್ಟೆ.

ಈಗ ಆಸನಗಳ ವಿಷಯ. ‘ಸೊಂಟ ತೆರೆಯುವ ಆಸನಗಳಿಂದ ಗರ್ಭಕೋಶಕ್ಕೆ ರಕ್ತಸಂಚಾರ ಹೆಚ್ಚಿ ಗರ್ಭ ನಿಲ್ಲುತ್ತದೆ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅಂಡಾಣು ಯಾವಾಗ ಬಲಿಯಬೇಕು, ಯಾವಾಗ ಹೊರಬೀಳಬೇಕು ಎಂಬುದು ತೀರ್ಮಾನವಾಗುವುದು ಮಿದುಳಿನ ಹೈಪೋಥಲಾಮಸ್, ಪಿಟ್ಯುಟರಿ ಗ್ರಂಥಿ ಮತ್ತು ಅಂಡಾಶಯ ಈ ಮೂರರ ನಡುವಿನ ಹಾರ್ಮೋನುಗಳ ಮಾತುಕತೆಯಲ್ಲಿ. ತೊಡೆಯ ಸ್ನಾಯು ಎಷ್ಟು ಸಡಿಲ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಥ ಒಂದು ಆಸನದಿಂದ ಗರ್ಭ ನಿಲ್ಲುತ್ತದೆ ಎಂದು ಇದುವರೆಗೆ ಯಾರೂ ಸಾಬೀತು ಮಾಡಿಲ್ಲ. ಹಠಯೋಗದ ಹಳೆಯ ಗ್ರಂಥಗಳನ್ನು ತೆರೆದರಂತೂ ತಮಾಷೆಯೆನಿಸುತ್ತದೆ. ಅಲ್ಲಿ ಸಾಧಕನ ಚಿಂತೆಯೆಲ್ಲ ಬಿಂದುವನ್ನು, ಅಂದರೆ ವೀರ್ಯವನ್ನು, ಕಾಪಾಡಿಕೊಳ್ಳುವುದರದ್ದು. ಇವತ್ತು ಮಗು ಬೇಕೆನ್ನುವವರಿಗೆ ಎಲ್ಲರೂ ಹೇಳಿಕೊಡುವ, ಕಾಲು ಮೇಲೆತ್ತಿ ಮಾಡುವ ವಿಪರೀತಕರಣಿಯನ್ನು ಅಲ್ಲಿ ಹೇಳಿರುವುದು ಮುಪ್ಪು ಬಾರದಿರಲೆಂದು! ‘ಫರ್ಟಿಲಿಟಿ ಯೋಗ’ ಎನ್ನುವುದು ನಮ್ಮ ಕಾಲದ ಹೆಸರು. ಹಾಗೆಂದು ಅದು ಕೆಟ್ಟದ್ದೇನಲ್ಲ, ಸಾವಿರಾರು ವರ್ಷಗಳ ಗುಟ್ಟು ಎಂದು ಯಾರಾದರೂ ಮಾರಲು ಬಂದರೆ ಮಾತ್ರ ಒಪ್ಪಬೇಡಿ.

ಹಾಗಾದರೆ ಯೋಗದಿಂದ ಏನು ಸಿಗುತ್ತದೆ? ಮೊದಲನೆಯದು, ತಿಂಗಳು ತಿಂಗಳು ಆಸೆ ಹುಟ್ಟಿ ಮುರಿಯುವ ಈ ದಿನಗಳನ್ನು ದಾಟಲು ಬೇಕಾದ ನೆಮ್ಮದಿ. ನಿಮಿಷಕ್ಕೆ ಆರರ ಆಸುಪಾಸಿಗೆ ಉಸಿರನ್ನು ನಿಧಾನಿಸಿದರೆ ಎದೆಬಡಿತ ಇಳಿಯುತ್ತದೆ, ದೇಹ ಗಾಬರಿಯ ಸ್ಥಿತಿಯಿಂದ ಹೊರಬರುತ್ತದೆ, ನಿದ್ದೆ ಸುಧಾರಿಸುತ್ತದೆ. ಬಂಜೆತನದ ಚಿಕಿತ್ಸೆಯಲ್ಲಿರುವವರು ಯೋಗ ಮಾಡಿದಾಗ ಅವರ ಆತಂಕ ಕಡಿಮೆಯಾದದ್ದನ್ನು ಅಧ್ಯಯನಗಳೂ ಕಂಡಿವೆ.

ಇಲ್ಲಿ ಒಂದು ಅಪಾಯವಿದೆ. ‘ಟೆನ್ಷನ್ ಬಿಟ್ಟರೆ ತಾನಾಗಿಯೇ ಆಗುತ್ತದೆ’ ಎಂಬ ಮಾತು ಹೆಣ್ಣಿನ ತಲೆಗೆ ಇನ್ನೊಂದು ಹೊರೆ ಹೊರಿಸುತ್ತದೆ. ಆಗದಿದ್ದರೆ ಅದು ಅವಳು ಚಿಂತೆ ಮಾಡಿದ್ದರ ತಪ್ಪು! ತೀವ್ರ ಮಾನಸಿಕ ಒತ್ತಡ, ಅದರಲ್ಲೂ ಸರಿಯಾಗಿ ಉಣ್ಣದೆ ದೇಹ ದಂಡಿಸುವುದೂ ಸೇರಿಕೊಂಡಾಗ, ಮುಟ್ಟೇ ನಿಂತುಹೋಗುವುದುಂಟು. ಅದು ನಿಜ. ಆದರೆ ನಿತ್ಯದ ಚಿಂತೆ, ಅಳು, ಬೇಸರ ಗರ್ಭವನ್ನು ತಡೆಯುತ್ತವೆ ಎಂಬುದಕ್ಕೆ ಆಧಾರ ತೀರಾ ತೆಳು. ಐವಿಎಫ್‌ನಂಥ ಚಿಕಿತ್ಸೆಗೆ (ಐವಿಎಫ್ ಎಂದರೆ ಅಂಡಾಣುವನ್ನು ದೇಹದ ಹೊರಗೆ ಫಲಿತಗೊಳಿಸಿ ಭ್ರೂಣವನ್ನು ಗರ್ಭಕೋಶದೊಳಗೆ ಇಡುವುದು) ಒಳಗಾದ ಮೂರೂವರೆ ಸಾವಿರಕ್ಕೂ ಹೆಚ್ಚು ಮಹಿಳೆಯರ 14 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಚಿಕಿತ್ಸೆಗೆ ಮುನ್ನ ಹೆಚ್ಚು ಆತಂಕದಲ್ಲಿದ್ದವರಿಗೂ ಇಲ್ಲದವರಿಗೂ ಗರ್ಭ ನಿಲ್ಲುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ನೀವು ಅತ್ತರೆ ಗರ್ಭ ಕೈತಪ್ಪುತ್ತದೆ ಎಂದು ಯಾರಾದರೂ ಹೆದರಿಸಿದರೆ ಇದನ್ನು ನೆನಪಿಸಿಕೊಳ್ಳಿ. ಯೋಗವನ್ನು ನಿಮ್ಮ ನೆಮ್ಮದಿಗಾಗಿ ಮಾಡಿ, ಪರೀಕ್ಷೆಗೆ ಓದುವ ಹಾಗೆ ಬೇಡ.

ಎರಡನೆಯ ಲಾಭ ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡಾಣು ಬಿಡುಗಡೆಯೂ ಮುಟ್ಟೂ ತಪ್ಪುವ ತೊಂದರೆ) ಇರುವವರಿಗೆ. ನಿಮ್ಮ ಮುಟ್ಟು ಸರಿಯಿರುವುದರಿಂದ ಇದು ನಿಮಗೆ ಅನ್ವಯಿಸದಿರಬಹುದು, ಆದರೆ ಇದೇ ಪ್ರಶ್ನೆ ಇಟ್ಟುಕೊಂಡಿರುವ ಬಹಳ ಮಂದಿಗೆ ಅನ್ವಯಿಸುತ್ತದೆ. ಪಿಸಿಓಎಸ್ ಇದ್ದ 90 ಹದಿಹರೆಯದ ಹುಡುಗಿಯರಲ್ಲಿ ಅರ್ಧದಷ್ಟು ಜನರಿಗೆ 12 ವಾರ ಯೋಗವನ್ನೂ ಉಳಿದವರಿಗೆ ಸಾಮಾನ್ಯ ವ್ಯಾಯಾಮವನ್ನೂ ಮಾಡಿಸಿದ ಭಾರತದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಟೆಸ್ಟೊಸ್ಟೆರಾನ್‌ನಂಥ ಹಾರ್ಮೋನುಗಳ ಮಟ್ಟ ಯೋಗದ ಗುಂಪಿನಲ್ಲೇ ಹೆಚ್ಚು ಸುಧಾರಿಸಿತ್ತು. ಒಳ್ಳೆಯ ಸುದ್ದಿಯೇ, ಆದರೆ ಅಲ್ಲಿ ಅಳೆದದ್ದು ಹಾರ್ಮೋನನ್ನು, ಗರ್ಭಧಾರಣೆಯನ್ನಲ್ಲ. ಪಿಸಿಓಎಸ್ ಜೊತೆಗೆ ತೂಕವೂ ಹೆಚ್ಚಿರುವವರಲ್ಲಿ ತೂಕದ ಶೇಕಡಾ 5ರಷ್ಟು ಇಳಿದರೂ ಅಂಡಾಣು ಬಿಡುಗಡೆ ಮತ್ತೆ ಶುರುವಾಗಬಹುದು. ಅದಕ್ಕೆ ಬರೀ ನಿಧಾನ ಯೋಗ ಸಾಲದು, ಚುರುಕು ನಡಿಗೆಯಂಥದ್ದೂ ಜೊತೆಗಿರಬೇಕು.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕ್ಯಾಲೆಂಡರ್ ನೋಡಿಕೊಂಡು ಕೂಡುವುದು ಶುರುವಾದ ಮೇಲೆ ಹಾಸಿಗೆ ಕೆಲಸದ ಜಾಗವಾಗಿಬಿಡುತ್ತದೆ. ಕೆಲವರಿಗೆ ಕೂಡುವಾಗ ನೋವು, ಇನ್ನು ಕೆಲವರಿಗೆ ಮನಸ್ಸೇ ಬಾರದು. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸದಾ ಬಿಗಿಹಿಡಿದಿದ್ದರೆ ಈ ನೋವು ಹೆಚ್ಚುತ್ತದೆ. ಅಂಥವರು ಮೂಲಬಂಧ, ಅಶ್ವಿನಿ ಮುದ್ರೆ ಮಾಡುತ್ತಾ ಇನ್ನಷ್ಟು ಬಿಗಿದುಕೊಳ್ಳುವ ಬದಲು ಬಾಲಾಸನ ಅಥವಾ ಸುಪ್ತ ಬದ್ಧಕೋಣಾಸನದಲ್ಲಿ ಹೊಟ್ಟೆಯನ್ನೂ ತಳವನ್ನೂ ಸಡಿಲ ಬಿಟ್ಟು ಉಸಿರಾಡುವುದು ಮೇಲು. ಅಂದಹಾಗೆ, ಕೂಡಿದ ಮೇಲೆ ಗೋಡೆಗೆ ಕಾಲು ಎತ್ತಿಟ್ಟು ಮಲಗುವ ಅಗತ್ಯವಿಲ್ಲ. ಚುರುಕಾದ ವೀರ್ಯಾಣುಗಳು ಕೆಲವೇ ನಿಮಿಷಗಳಲ್ಲಿ ಗರ್ಭಕೋಶದ ಬಾಯಿಯ ಲೋಳೆಯೊಳಗೆ ಹೊಕ್ಕಿರುತ್ತವೆ, ಹೊರಗೆ ಸೋರುವುದರಿಂದ ನಷ್ಟವಿಲ್ಲ. ಕಾಲೆತ್ತುವುದಕ್ಕಿಂತ ದಿನ ಗೊತ್ತಿರುವುದು ಮುಖ್ಯ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಲ್ಲದು, ಅಂಡಾಣುವಿಗೆ ಸಿಗುವುದು ಹೆಚ್ಚೆಂದರೆ ಒಂದು ದಿನ. ಹಾಗಾಗಿ ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನಗಳಲ್ಲಿ ಕೂಡಿದರಷ್ಟೇ ಗರ್ಭ ನಿಲ್ಲುವ ಸಾಧ್ಯತೆ.

ಯಾವುದನ್ನು ಮಾಡಲಿ ಎಂದು ಕೇಳುತ್ತೀರಾದರೆ, ವಾರದಲ್ಲಿ ನಾಲ್ಕೈದು ದಿನ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಮಾರ್ಜಾಲಾಸನದಿಂದ ಬೆನ್ನು ಸಡಿಲಿಸಿ, ನಿಂತು ಮಾಡುವ ಒಂದೆರಡು ಆಸನ, ಸೇತುಬಂಧಾಸನ, ಬದ್ಧಕೋಣಾಸನ, ಕೊನೆಗೆ ಧಾರಾಳವಾಗಿ ಶವಾಸನ. ಉಸಿರು ಬಿಗಿಹಿಡಿಯದ ನಾಡಿಶೋಧನ, ಭ್ರಾಮರಿ. ಈಗಾಗಲೇ ಸೂರ್ಯನಮಸ್ಕಾರ ಹಾಕುವ ಅಭ್ಯಾಸವಿದ್ದರೆ ನಿಲ್ಲಿಸಬೇಕಿಲ್ಲ. ತೆಳ್ಳಗಿದ್ದು, ದಿನವೂ ಬೆವರಿಳಿಯುವಷ್ಟು ಅಭ್ಯಾಸ ಮಾಡುತ್ತಿದ್ದು, ಮುಟ್ಟು ದೂರವಾಗತೊಡಗಿದರೆ ಮಾತ್ರ ಅಭ್ಯಾಸ ತಗ್ಗಿಸಿ ಊಟ ಹೆಚ್ಚಿಸಬೇಕು.

ಇನ್ನು ಆ ಎರಡು ವಾರ. ಅಂಡಾಣು ಫಲಿತವಾಗುವುದು ಗರ್ಭನಾಳದಲ್ಲಿ. ಅಲ್ಲಿಂದ ಗರ್ಭಕೋಶಕ್ಕೆ ಇಳಿದು ಒಳಪದರಕ್ಕೆ ಅಂಟಿಕೊಳ್ಳಲು ಸಾಮಾನ್ಯವಾಗಿ ಎಂಟರಿಂದ ಹತ್ತು ದಿನ ಬೇಕು. ಗರ್ಭಕೋಶ ಟೊಳ್ಳು ಡಬ್ಬಿಯಲ್ಲ, ಅದರ ಒಳಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಬಗ್ಗಿದರೆ, ಮೆಟ್ಟಿಲು ಹತ್ತಿದರೆ ಭ್ರೂಣ ಜಾರಿ ಬೀಳುವುದಿಲ್ಲ. ಐವಿಎಫ್‌ನಲ್ಲಿ ಭ್ರೂಣವನ್ನು ಒಳಗಿಟ್ಟ ಮೇಲೆ ಹಾಸಿಗೆ ಹಿಡಿದು ಮಲಗುವುದರಿಂದಲೂ ಲಾಭ ಕಂಡುಬಂದಿಲ್ಲ. ಹಾಗಾಗಿ ನಿಲ್ಲಿಸಬೇಡಿ. ಹೊಟ್ಟೆಯನ್ನು ಬಲವಾಗಿ ಒಳಸೆಳೆಯುವ ಕಪಾಲಭಾತಿ, ಭಸ್ತ್ರಿಕಾ, ಹೊಟ್ಟೆಯ ಮೇಲೆ ಭಾರ ಬೀಳುವ ಧನುರಾಸನ, ಮಯೂರಾಸನ ಇವನ್ನು ಆ ದಿನಗಳಲ್ಲಿ ಬಿಡುವುದು ವಾಡಿಕೆ. ಅಪಾಯ ಸಾಬೀತಾಗಿದೆ ಎಂದಲ್ಲ, ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ ಎಂದು. ಬಿಸಿ ಕೋಣೆಯಲ್ಲಿ ಮಾಡಿಸುವ ಹಾಟ್ ಯೋಗವನ್ನಂತೂ ಕಟ್ಟುನಿಟ್ಟಾಗಿ ದೂರವಿಡಿ. ಮಗುವಿನ ಮಿದುಳು, ಬೆನ್ನುಹುರಿ ರೂಪುಗೊಳ್ಳುವ ನರನಾಳ ಗರ್ಭ ನಿಂತ ನಾಲ್ಕು ವಾರಗಳೊಳಗೇ ಮುಚ್ಚಿಕೊಳ್ಳುತ್ತದೆ, ಆ ಹೊತ್ತಿನಲ್ಲಿ ತಾಯಿಯ ದೇಹದ ಉಷ್ಣತೆ ಬಹಳ ಏರುವುದು ಒಳ್ಳೆಯದಲ್ಲ. ಪ್ರಯತ್ನಿಸುತ್ತಿರುವವರು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆಯನ್ನು ಮೊದಲೇ ಶುರುಮಾಡಬೇಕೆನ್ನುವುದೂ ಈ ನರನಾಳಕ್ಕಾಗಿಯೇ.

ಮುಂದೆ ಚಿಕಿತ್ಸೆಗೆ ಹೋಗಿ ಅಂಡಾಶಯವನ್ನು ಪ್ರಚೋದಿಸುವ ಇಂಜೆಕ್ಷನ್ ಕೊಡಲು ಶುರುಮಾಡಿದರೆ ಮಾತು ಬೇರೆ. ಆಗ ಒಂದೇ ಸಲಕ್ಕೆ ಅನೇಕ ಅಂಡಾಣು ಬೆಳೆದು ಅಂಡಾಶಯ ಊದಿಕೊಳ್ಳುತ್ತದೆ, ತನ್ನ ಬುಡದಲ್ಲೇ ತಿರುಚಿಕೊಳ್ಳುವ ಅಪಾಯವಿರುತ್ತದೆ. ಅಪರೂಪವಾದರೂ ತುರ್ತು ಆಪರೇಷನ್ ಬೇಕಾಗುವ ಸ್ಥಿತಿ ಅದು. ಆ ದಿನಗಳಲ್ಲಿ ಸೊಂಟ ತಿರುಚುವ, ತಲೆಕೆಳಗಾಗುವ, ನೆಗೆಯುವ ಯಾವುದೂ ಬೇಡ. ಉಸಿರಾಟ, ಯೋಗನಿದ್ರೆ, ಸಣ್ಣ ನಡಿಗೆ ಸಾಕು. ಹೊಟ್ಟೆಯ ಒಂದು ಬದಿಯಲ್ಲಿ ದಿಢೀರನೆ ತೀವ್ರ ನೋವು, ವಾಂತಿ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಪ್ರಶ್ನೆಯಲ್ಲಿ ಪತಿಯ ಸುಳಿವೇ ಇಲ್ಲ. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದೂ ಇಲ್ಲ, ಯೋಗವೆಲ್ಲ ಹೆಂಡತಿಯ ಪಾಲಿಗೇ! ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ, ಕೆಲವೆಡೆ ಅದೊಂದೇ ಇರುತ್ತದೆ. ಚಾಪೆಯ ಮೇಲೆ ಅವರೂ ಕೂರಲಿ, ನಿದ್ದೆಯೂ ತೂಕವೂ ಅವರದ್ದೂ ಸರಿಹೋಗಲಿ. ವೃಷಣಗಳಿಗೆ ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ ಶಾಖ ಬೇಕಾದ್ದರಿಂದ ಹಾಟ್ ಯೋಗವೂ ಬಿಸಿನೀರಿನ ತೊಟ್ಟಿಯೂ ಅವರಿಗೂ ಬೇಡ. ಸಿಗರೇಟಿದ್ದರೆ ಇವತ್ತೇ ಬಿಡಬೇಕು. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕಾಗುವುದರಿಂದ ಈಗ ಮಾಡಿದ ಬದಲಾವಣೆ ವೀರ್ಯದಲ್ಲಿ ಕಾಣುವುದು ಮೂರು ತಿಂಗಳ ನಂತರವೇ. ಆದರೆ ವೀರ್ಯ ಪರೀಕ್ಷೆಗೆ ಮೂರು ತಿಂಗಳು ಕಾಯಬೇಡಿ, ಅದನ್ನು ನಿಮ್ಮ ರಕ್ತಪರೀಕ್ಷೆಯ ಜೊತೆಗೇ ಮಾಡಿಸಿ. ಮಾದರಿ ಕೊಡುವ ಮುಂಚೆ ಎರಡರಿಂದ ಏಳು ದಿನ ವೀರ್ಯ ಸ್ಖಲನವಾಗಿರಬಾರದು. ನಿಮ್ಮ ದಿನಗಳ ಲೆಕ್ಕ ನೋಡಿಕೊಂಡೇ ಪರೀಕ್ಷೆಯ ದಿನ ಗೊತ್ತುಮಾಡಿಕೊಂಡರೆ ಆ ತಿಂಗಳ ಪ್ರಯತ್ನವೂ ತಪ್ಪುವುದಿಲ್ಲ.