ಅಪ್ಪನಿಗೆ ಫೋನ್ ಮಾಡೋ ಮುಂಚೆ

ತುಮಕೂರಿನಲ್ಲಿ ವಕೀಲಿ ಮಾಡುತ್ತೇನೆ, ವಾರಕ್ಕೆ 2 ದಿನ ಒಂದು ಲಾ ಕಾಲೇಜಿನಲ್ಲಿ ಸಾಕ್ಷ್ಯ ಕಾನೂನು ಪಾಠ ಹೇಳುತ್ತೇನೆ. ಕಕ್ಷಿದಾರ ಹೇಳಿದ್ದನ್ನು ವಕೀಲ ಅವನ ಒಪ್ಪಿಗೆ ಇಲ್ಲದೆ ಬಾಯಿಬಿಡೋ ಹಾಗಿಲ್ಲ. ಮೊದಲು ಸಾಕ್ಷ್ಯ ಕಾಯ್ದೆಯ ಸೆಕ್ಷನ್ 126, ಈಗ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 132. ನಮ್ಮ ಹುಡುಗರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅಂಥ ಕಾಲೇಜಿನಲ್ಲೇ ಒಬ್ಬ ಹುಡುಗ ಮೇಷ್ಟ್ರನ್ನು ನಂಬಿ 'ಸರ್, ನಾನು ಗೇ' ಅಂದರೆ, ಸಂಜೆಯೊಳಗೆ ಅವನ ಅಪ್ಪನಿಗೆ ಫೋನ್ ಹೋಗಿರುತ್ತದೆ.

ಫೋನ್ ಮಾಡುವವರು ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಪಾಪ, ಮಕ್ಕಳ ಮೇಲೆ ಜಾಸ್ತಿ ಪ್ರೀತಿ ಇರುವವರೇ ಮಾಡೋದು.

ಕೆಲವು ವರ್ಷದ ಹಿಂದಿನ ಮಾತು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಪಾವಗಡ ಕಡೆಯ ಹುಡುಗ, ಮೂಟ್ ಕೋರ್ಟಿನಲ್ಲಿ, ಅಂದರೆ ಅಭ್ಯಾಸಕ್ಕೆ ನಡೆಸೋ ಅಣಕು ಕೋರ್ಟಿನಲ್ಲಿ, ಜಡ್ಜ್ ಆಗಿ ಕೂತ ನಮ್ಮನ್ನೇ ತಬ್ಬಿಬ್ಬು ಮಾಡುತ್ತಿದ್ದ. ಮಾರ್ಕ್ಸ್ ಇಳಿಯಿತು ಅಂತ ಮೇಷ್ಟ್ರು ಕರೆದು ಕೇಳಿದರು, ಹೇಳಿಬಿಟ್ಟ. ಮೂರನೇ ದಿನ ಅಪ್ಪ, ಸೋದರಮಾವ ಬಂದು ಹಾಸ್ಟೆಲ್‌ನಿಂದ ಬ್ಯಾಗು ಇಳಿಸಿದರು. ಆ ಅಪ್ಪ ಗೇಟಿನ ಹತ್ತಿರ ಹೆಗಲ ಮೇಲಿನ ಟವೆಲ್ ತುದಿ ಹಿಂಡುತ್ತಾ ನನ್ನನ್ನು ಕೇಳಿದರು: 'ಮೇಡಂ, ಇದಕ್ಕೆ ಬೆಂಗಳೂರಲ್ಲಿ ಯಾವ ಆಸ್ಪತ್ರೆಗೆ ತೋರಿಸ್ಬೇಕು?' ಇದು ಕಾಯಿಲೆ ಅಲ್ಲ ಅಂದೆ. 'ಸರ್ ಫೋನಲ್ಲಿ ತೋರಿಸಿ ಅಂದ್ರಲ್ಲ' ಅಂದರು. ಇದನ್ನು 'ಸರಿ ಮಾಡುತ್ತೇನೆ' ಅನ್ನುವ ಡಾಕ್ಟರದೇ ದುರ್ನಡತೆ ಅಂತ 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ, ಆದರೆ ಅದು ಆ ಹೊತ್ತಿಗೆ ಅವರ ಕಿವಿಗೆ ಬೀಳುವ ಮಾತಲ್ಲ. ಹುಡುಗನ ಹಾಲ್ ಟಿಕೆಟ್ ಆಫೀಸಿನಲ್ಲೇ ಉಳಿಯಿತು.

'377 ಹೋಯ್ತಲ್ಲ ಮೇಡಂ, ಇನ್ನೇನು ಭಯ?' ಅಂತಾರೆ. ವಯಸ್ಕರು ಒಪ್ಪಿ ಇಟ್ಟುಕೊಂಡ ಸಲಿಂಗ ಸಂಬಂಧ ಸೆಕ್ಷನ್ 377ರ ಅಪರಾಧ ಅಲ್ಲ ಅಂದ ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪು ಪೊಲೀಸರ ಭಯ ತೆಗೆಯಿತು. ಸೋದರಮಾವನ ಭಯ ತೆಗೆಯಲಿಲ್ಲ.

ಹಾಗಾಗಿ ಮೇಷ್ಟ್ರುಗಳಿಗೆ ಹೇಳುತ್ತೇನೆ. ಅವನು ಹೇಳಿದ್ದು ನಿಮಗೆ. ಪ್ರಿನ್ಸಿಪಾಲರಿಗಲ್ಲ, ಸ್ಟಾಫ್ ರೂಮಿಗಲ್ಲ, ಮನೆಗಂತೂ ಅಲ್ಲವೇ ಅಲ್ಲ. ಮನೆಗೆ ಹೇಳುವಷ್ಟು ಧೈರ್ಯ ಇದ್ದಿದ್ದರೆ ಅವನೇ ಹೇಳುತ್ತಿದ್ದ, ಅಲ್ವಾ? 'ನಾನು ಒಳ್ಳೇದಕ್ಕೇ ಹೇಳಿದ್ದು', 'ಒಬ್ಬರಿಗೆ ಮಾತ್ರ ಹೇಳಿದ್ದು', 'ಹೆಸರು ಹೇಳಲಿಲ್ಲ, ಆ ಮೂಟ್ ಕೋರ್ಟ್ ಹುಡುಗ ಅಂದೆ ಅಷ್ಟೆ' — ಇವೆಲ್ಲವೂ ಹೇಳಿದ ಹಾಗೇ.

ಕಾನೂನಿನ ಮಾತು ಬೇಕಾದರೆ, ವಕೀಲರ ಆ ಸೆಕ್ಷನ್ 132 ಮೇಷ್ಟ್ರಿಗೆ ಅನ್ವಯಿಸಲ್ಲ, ಒಪ್ಪಿದೆ. ಆದರೆ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು, ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಹಾಕಿದ ಕೇಸು, ಲೈಂಗಿಕ ಒಲವೂ ಖಾಸಗಿತನದ ಭಾಗ ಅಂತ ಸ್ಪಷ್ಟವಾಗಿ ಹೇಳಿದೆ. ಖಾಸಗಿ ಕಾಲೇಜಿಗೆ ಅದು ನೇರವಾಗಿ ಎಷ್ಟು ತಾಗುತ್ತದೆ ಅನ್ನೋದು ವಾದದ ವಿಷಯ, ಫೀಸ್ ಕೊಟ್ಟರೆ ಎರಡೂ ಕಡೆ ವಾದಿಸುತ್ತೇನೆ. ಐದು ವರ್ಷದ ಕೋರ್ಸಿನ ಮೊದಲ ವರ್ಷದವರಿಗೆ 18 ತುಂಬಿರದಿದ್ದರೆ, ಅಥವಾ ಜೀವಕ್ಕೇ ಏನಾದರೂ ಮಾಡಿಕೊಳ್ಳುವ ಸೂಚನೆ ಇದ್ದರೆ, ಸುಮ್ನೆ ಕೂರಬೇಡಿ. ಆಗಲೂ ಅಪಾಯ ಇದೆ ಅಂತಷ್ಟೇ ಹೇಳಿ. ಯಾಕೆ ಅನ್ನೋದನ್ನು ಅವನಿಗೇ ಬಿಡಿ.

ಹೋದ ವರ್ಷ ಅದೇ ಮೇಷ್ಟ್ರು ಫೋನ್ ಮಾಡಿದರು. 'ಮೇಡಂ, ಒಬ್ಬಳು ಹುಡುಗಿ. ಹೆಸರು ಕೇಳ್ಬೇಡಿ.' ಹಾಸ್ಟೆಲ್ ರೂಮಿನವರು ಅವಳನ್ನು ಆಡಿಕೊಳ್ಳುತ್ತಿದ್ದರಂತೆ. ಇದೂ ರ‍್ಯಾಗಿಂಗೇ, 2016ರ ಯುಜಿಸಿ ತಿದ್ದುಪಡಿಯಲ್ಲಿ ಲೈಂಗಿಕ ಒಲವಿನ ಕಾರಣಕ್ಕೆ ಕಾಡುವುದನ್ನೂ ಸೇರಿಸಿದ್ದಾರೆ, ದೂರು ಕೊಡಬಹುದು, ಆದರೆ ಮೊದಲು ಅವಳನ್ನೇ ಕೇಳಿ ಅಂದೆ. ಕೇಳಿದರು. ಅವಳಿಗೆ ದೂರು ಬೇಡವಾಗಿತ್ತು, ಬೇರೆ ರೂಮ್ ಸಾಕಿತ್ತು. ಅರ್ಜಿಯಲ್ಲಿ 'ಫ್ಯಾನ್ ಸದ್ದಿಗೆ ನಿದ್ದೆ ಬರುತ್ತಿಲ್ಲ' ಅಂತ ಬರೆಸಿದರಂತೆ. ಅವಳು ನನ್ನ ಕ್ಲಾಸಿನಲ್ಲೇ ಕೂರುತ್ತಾಳೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ.